ತಲೆ ಮೇಲೆ ಮಾಡಿ ಕೂತ ನೊಣ

ಟೀಚರಮ್ಮ ಹೋಗಿಬಿಟ್ಟರು ಅಂತ ಬೈಯಪ್ಪನಹಳ್ಳಿಯಿಂದ ಅವರ ಮನೆ ಓನರ್ರು ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಮಾತು, ಕೂತಿದ್ದಾಗ ಹೋದರಾ ನಿಂತಿದ್ದಾಗ ಹೋದರಾ ಅಂತ. ಮಲಗಿದ್ದಲ್ಲೇ ಅಜ್ಜಿ, ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿದರೆ ತೆಗೆಯಲಿಲ್ಲ, ಅಂದ ಆಯಪ್ಪ. ನನಗೆ ನಂಬೋಕೆ ಆಗಲಿಲ್ಲ. ಸತ್ತದ್ದನ್ನಲ್ಲ, ಮಲಗಿದ್ದನ್ನು.

ಆರು ವರ್ಷ ನಮ್ಮ ಗರುಡಾಚಾರ್‌ಪಾಳ್ಯದ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದವರು. ಅಷ್ಟು ವರ್ಷದಲ್ಲಿ ಆಯಮ್ಮ ಒಂದು ಕಡೆ ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿದದ್ದನ್ನು ನಾನು ಕಂಡಿಲ್ಲ. ನಿಂತೇ ಊಟ. ನಿಂತೇ ಪೇಪರ್ರು. ಕೂರಿ ಅಂತ ಮಣೆ ಹಾಕಿದರೆ ಅರ್ಧ ಕುಂಡಿ ಊರಿ, ಕಾಲು ಅಲ್ಲಾಡಿಸುತ್ತಾ, ಕಣ್ಣು ಗೋಡೆ ಮೇಲೆ. ಗೋಡೆ ಮೇಲೆ ಏನಾದರೂ ಹಾರಿ ಬಂದು ಕೂತರೆ ಮುಗಿಯಿತು, ಕಾಫಿ ಅಲ್ಲೇ ಆರಿ ಕೆನೆ ಕಟ್ಟುತ್ತಿತ್ತು.

ಅವರ ಹೆಸರು ಬರೆಯಲ್ಲ. ಆಯಮ್ಮ ಹೆಸರಿಗೆ ಅಂಥ ಬೆಲೆ ಕೊಟ್ಟವರೂ ಅಲ್ಲ. ಗದಗದ ಕಡೆಯವರು. ಹಲಸೂರಿನ ಒಂದು ಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ನಾನು ಕೇಳಿದೆ, ನಾನು ಕೇಳದೆ ಬಿಡೋಳಲ್ಲ. ಗಂಡು ನೋಡಾಕ ಬಂದಾಗ ಎದ್ದು ಹೊರಗ ಹೋಗಿದ್ದೆರಿ, ಅಂದರು. ಅಷ್ಟೇ. ಹೊರಗೆ ಏನಿತ್ತು ಅಂತ ಕೇಳಬೇಕಾಗಿರಲಿಲ್ಲ.

ಬಾಡಿಗೆಗೆ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಸ್ಕೂಲಿರೋದು ಹಲಸೂರಲ್ಲಿ, ಇಷ್ಟು ದೂರ ಯಾಕೆ ಬರ್ತೀರಿ, ಕೆ.ಆರ್.ಪುರದ ಹತ್ತಿರ ರೈಲ್ವೆ ಗೇಟು ಹಾಕಿದರೆ ಬಸ್ಸು ನಿಂತೇ ಇರುತ್ತಲ್ಲ, ಅಂದೆ. ಆಗಿನ್ನೂ ತೂಗುಸೇತುವೆ ಬಂದಿರಲಿಲ್ಲ. ಅವರು ಅದಕ್ಕೆ ಉತ್ತರ ಕೊಡದೆ, ದನ ಎಲ್ಲಿ ಕಟ್ತೀರಿ ಅಂತ ಕೇಳಿದರು. ರೂಮು ಆಮೇಲೆ ನೋಡಿದರು, ಮೊದಲು ಕೊಟ್ಟಿಗೆ ನೋಡಿದರು. ಹಸುವಿನ ಬೆನ್ನು, ಬಾಲದ ಬುಡ, ಗೋಡೆ, ಗಂಜಲದ ಕಾಲುವೆ, ಎಲ್ಲ ಬಗ್ಗಿ ಬಗ್ಗಿ ನೋಡಿ, ಚೊಲೋ ಐತ್ರಿ ಅಕ್ಕಾರ, ನಾಳೆನ ಬರ್ತೀನಿ ಅಂದರು. ನಮ್ಮೂರಲ್ಲಿ ಯಾರೂ ನನ್ನನ್ನು ಅಕ್ಕಾರ ಅಂದಿರಲಿಲ್ಲ. ಅಷ್ಟರಲ್ಲಾಗಲೇ ಮೊಮ್ಮಗಳಿದ್ದಳು ನನಗೆ.

ಕೊರಳಲ್ಲಿ ಕರಿ ದಾರ ಇತ್ತು. ಅದರ ತುದಿ ರವಿಕೆಯೊಳಗೆ. ಮದುವೆಯಿಲ್ಲ ಅಂತಾಳೆ, ತಾಳಿ ಇದೆ ಅಂತ ನಮ್ಮ ಬೀದಿಯಲ್ಲಿ ಗುಸುಗುಸು. ಒಂದು ದಿನ ನಲ್ಲಿ ಹತ್ತಿರ ದಾರ ಎಳೆದು ಆಚೆ ತೆಗೆದರು. ತುದಿಯಲ್ಲಿ ಒಂದು ಪುಟ್ಟ ಭೂತಗನ್ನಡಿ. ಎದುರುಮನೆಯವಳು ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನೋಡುತ್ತಾ ನಿಂತಿದ್ದಳು. ಗುಸುಗುಸು ಅಲ್ಲಿಗೆ ನಿಂತಿತು. ಆಮೇಲೆ ಹುಚ್ಚಿ ಅನ್ನೋದು ಶುರುವಾಯಿತು.

ಆಯಮ್ಮನ ಆಯುಧ ಒಂದು ಗಾಜಿನ ಲೋಟ, ಒಂದು ಹಳೇ ಪೋಸ್ಟ್‌ಕಾರ್ಡು. ಲೋಟ ಬೋರಲು ಹಾಕಿ, ಕಾರ್ಡು ಕೆಳಗೆ ತೂರಿಸಿ, ನೊಣ ಒಳಗೆ. ಹಿಡಿದ ಮೇಲೆ ಇದು ಇಂಥ ನೊಣ ಅಂತ ಹೇಳಿಬಿಡಬಹುದಲ್ಲ, ಹೇಳುತ್ತಿರಲಿಲ್ಲ. ನಮ್ಮನ್ನು ಕೇಳುತ್ತಿದ್ದರು. ರೆಕ್ಕಿ ಎಷ್ಟು? ಎರಡು ಕಣ್ಣು ನಡುವ ಸಂದು ಐತೋ ಕೂಡ್ಯಾವೋ? ಬಾಯಿ ಹ್ಯಾಂಗೈತಿ? ಬೆನ್ನಮ್ಯಾಲೆ ಗೆರಿ ಅದಾವೇನು? ಅಯ್ಯೋ ಇದರ ಹೆಸರೇನು ಹೇಳಿ ತಾಯಿ ಅಂದರೆ, ಯಾವಾಗಲೂ ಒಂದೇ ಮಾತು.

“ಹೆಸರು ಆಮ್ಯಾಲೆ. ಮೊದಲು ಮಾರಿ ನೋಡ್ರಿ.”

ಅವರ ಕಡೆ ಮುಖಕ್ಕೆ ಮಾರಿ ಅಂತಾರೆ. ನೊಣದ ಮಾರಿ ನೋಡೋಕೆ ನನಗೇನು ಬಂದಿದೆ ಗ್ರಹಚಾರ ಅಂತ ನಾನು ಸೆಗಣಿ ಬಾಚೋಕೆ ಹೋಗುತ್ತಿದ್ದೆ. ಮೊಮ್ಮಗಳು ಮಾತ್ರ ಅವರ ಹಿಂದೆಯೇ. ಒಂದು ಸಲ ಸೇವಂತಿಗೆ ಗಿಡದಲ್ಲಿ ಜೇನು ಕೂತಿದೆ ಅಂತ ಅವಳು ಕಿರುಚಿದಾಗ ಟೀಚರಮ್ಮ ಹೋಗಿ ಅದನ್ನು ಬೆರಳಲ್ಲೇ ಹಿಡಿದುಕೊಂಡರು. ನಾನು ಸುಣ್ಣ ತರೋಕೆ ಒಳಗೆ ಓಡಿದೆ. ಕಚ್ಚಲೇ ಇಲ್ಲ. ಜೇನಿಗೆ ನಾಲ್ಕು ರೆಕ್ಕೆಯಂತೆ, ಇದಕ್ಕೆ ಎರಡೇ. ಉಳಿದೆರಡು ಇರಬೇಕಾದ ಕಡೆ ಸಾಸಿವೆ ತಲೆಯ ಎರಡು ಪುಟ್ಟ ಕಡ್ಡಿ. ಬಣ್ಣ ಜೇನಿನದು, ಪಟ್ಟೆ ಜೇನಿನದು, ಗುಂಯ್‌ಗುಡೋದೂ ಜೇನಿನ ಥರ. ಆದರೆ ನೊಣ. ವೇಷ ಹಾಕ್ಕೊಂಡು ಓಡಾಡುತ್ತೆ ಅನ್ನಿ, ನಮ್ಮ ಪಕ್ಕದ ಬೀದಿ ಪುಢಾರಿ ಹಾಗೆ, ಅಂದೆ. ಟೀಚರಮ್ಮ ನಕ್ಕದ್ದು ಆ ದಿನ ನೋಡಿದೆ. ನಗುವಾಗಲೂ ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ.

ಇನ್ನೊಂದು ದಿನದ್ದು ನಗುವಂಥದ್ದಲ್ಲ. ನಮ್ಮ ಕರು ಭೇದಿಯಾಗಿ ಮಲಗಿತ್ತು. ನಾನು ತಲೆ ತೊಡೆ ಮೇಲೆ ಹಾಕಿಕೊಂಡು ಗಂಜಿ ಕುಡಿಸುತ್ತಾ ಇದ್ದೆ. ಹೊಳೆಯುವ ಹಸಿರು ನೊಣ ಒಂದು ಬಂದು ಕರುವಿನ ಮೂತಿ ಮೇಲೆ ಕೂತಿತು, ಹೊಸ ರೇಷ್ಮೆ ಹಾಗೆ ಬಣ್ಣ. ಟೀಚರಮ್ಮ ಹಿಂದೆ ನಿಂತಿದ್ದವರು ನನ್ನ ಹೆಗಲ ಮೇಲೆ ಕೈಯಿಟ್ಟು, ಹೋತ್ರಿ ಅಕ್ಕಾರ, ಬಿಡ್ರಿ, ಅಂದರು. ಇನ್ನೂ ಬೆಚ್ಚಗಿದೆ ಸುಮ್ಮನಿರಿ ಅಂತ ಬೈದೆ. ಹೋಗಿತ್ತು. ಸತ್ತದ್ದು ಮನುಷ್ಯರಿಗಿಂತ ಮೊದಲು ಅದಕ್ಕೆ ಗೊತ್ತಾಗ್ತೈತಿ, ಮಂದಿ ಬರೋದರೊಳಗ ಅದು ಬಂದಿರ್ತೈತಿ, ಅಂತ ಆಮೇಲೆ ಹೇಳಿದರು. ಹೀಗೆಲ್ಲ ಆ ಹೊತ್ತಲ್ಲಿ ಹೇಳಬಾರದು ಅನ್ನೋ ಬುದ್ಧಿ ಆಯಮ್ಮನಿಗೆ ಇರಲಿಲ್ಲ. ನನಗೂ ಅಂಥ ಬುದ್ಧಿ ಇಲ್ಲದ್ದರಿಂದ ನಾವು ಆರು ವರ್ಷ ಬಾಳಿದೆವು.

ಈಗ ಕಚ್ಚುವ ನೊಣದ ವಿಷಯ.

ನಮ್ಮ ಹಿತ್ತಿಲ ಆಚೆ ರಾಗಿ ಹೊಲ ಇತ್ತು. ಅದನ್ನು ಮಾರಿದರು, ಮೂರಂತಸ್ತಿನ ಅಪಾರ್ಟ್‌ಮೆಂಟು ಎದ್ದಿತು. ದಾವಣಗೆರೆಯವರು, ಹುಬ್ಬಳ್ಳಿಯವರು, ಎಲ್ಲೆಲ್ಲಿಂದಲೋ ಬಂದು ಸೇರಿದರು. ಒಳ್ಳೆಯವರೇ. ನನ್ನ ಹಾಲು ಅರ್ಧಕ್ಕರ್ಧ ಅವರಿಗೇ ಹೋಗುತ್ತಿತ್ತು. ಮೂರು ಹಸು ಇದ್ದವು ನನಗೆ. ಗಂಡ ಸತ್ತಿದ್ದ, ಅಳಿಯ ಬಿಟ್ಟು ಹೋಗಿದ್ದ, ಮಗಳು ಮೊಮ್ಮಗಳು ನಾನು, ಮೂವರ ಹೊಟ್ಟೆಗೂ ಆ ಮೂರು ಹಸುವೇ. ಟೀಚರಮ್ಮನ ಬಾಡಿಗೆ ಬೂಸಾಕ್ಕೆ ಆಗುತ್ತಿತ್ತು ಅಷ್ಟೆ.

ಆ ವರ್ಷ ದೀಪಾವಳಿ ಕಳೆದ ಮೇಲೂ ಮಳೆ ಜಡಿ ಹಿಡಿಯಿತು. ಮಳೆ ಬಿಟ್ಟಿತು, ನೊಣ ಎದ್ದಿತು. ನೊಣ ನಮಗೇನು ಹೊಸದಲ್ಲ, ಆದರೆ ಇವು ಕಚ್ಚುತ್ತಿದ್ದವು. ಸೀರೆ ಮೇಲಿಂದಲೇ ಚುಚ್ಚಿದರೆ ಸೂಜಿ ಇಟ್ಟ ಹಾಗೆ. ಎಲ್ಲ ಮೊಣಕಾಲ ಕೆಳಗೇ. ಹಸುಗಳು ನಿಂತಲ್ಲಿ ನಿಲ್ಲದೆ ಕಾಲು ಝಾಡಿಸಿ ಝಾಡಿಸಿ ಹಾಲು ಇಳಿಸುತ್ತಲೇ ಇರಲಿಲ್ಲ. ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಮಗಳು, ಐದಾರು ವರ್ಷದ ಕೂಸು, ಕಾಲೆಲ್ಲ ಕೆರೆದು ಗಾಯ ಮಾಡಿಕೊಂಡಿತು. ಆ ಸೆಕ್ರೆಟರಿಯನ್ನು ನಾವು ಚಡ್ಡಿ ಸಾಹೇಬರು ಅನ್ನುತ್ತಿದ್ದೆವು, ಮನೆಯಲ್ಲಿದ್ದರೆ ಮೊಣಕಾಲಿನ ಚಡ್ಡಿಯಲ್ಲೇ ಇರುತ್ತಿದ್ದರು. ಆಯಪ್ಪನಿಗೂ ಚೆನ್ನಾಗಿ ಕಚ್ಚಿತ್ತು.

ದನದ ಕೊಟ್ಟಿಗೆಯಿಂದ ನೊಣ ಬರುತ್ತೆ, ದನ ಎತ್ತಿಸಿ ಅಂತ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಮುನಿಸಿಪಾಲಿಟಿಗೆ ಅರ್ಜಿ ಕೊಟ್ಟರು. ಬೆಳಿಗ್ಗೆ ನನ್ನ ಹಾಲು ಕಾಸಿ ಕುಡಿದು ಸಂಜೆ ಸಹಿ ಹಾಕಿದರು. ಆಫೀಸಿನಿಂದ ಹೆಲ್ತ್ ಇನ್ಸ್‌ಪೆಕ್ಟರು ಬಂದು, ಅಜ್ಜಿ, ಸಂಕ್ರಾಂತಿ ಒಳಗೆ ದನ ಬೇರೆ ಕಡೆ ಹೊಡೀಬೇಕು, ಇಲ್ಲಾಂದ್ರೆ ಗಾಡಿ ಬರುತ್ತೆ, ಅಂದು ಹೋದರು. ಬೇರೆ ಕಡೆ ಅಂದರೆ ಎಲ್ಲಿ? ನನಗಿದ್ದದ್ದು ಆ ಹಿತ್ತಿಲು ಒಂದೇ.

ನಾನು ನೇರ ಮಹಡಿಗೆ ಹತ್ತಿದೆ. ಟೀಚರಮ್ಮ, ನೀವು ಓದಿದವರು, ಇದು ಅವರ ಮೋರಿಯಿಂದ ಬರೋ ನೊಣ ಅಂತ ಒಂದು ಮಾತು ಆಫೀಸರಿಗೆ ಹೇಳಿ, ನೀವು ಹೇಳಿದರೆ ಕೇಳ್ತಾರೆ, ಅಂದೆ.

“ನಾ ಇನ್ನೂ ನೋಡಿಲ್ರಿ.”

“ನೋಡೋದೇನಿದೆ, ನೊಣ ನೊಣವೇ.”

“ಮನಿ ನೊಣ ಕಚ್ಚಂಗಿಲ್ರಿ ಅಕ್ಕಾರ. ಅದಕ್ಕ ಕಚ್ಚಾಕ ಬಾಯಿನ ಇಲ್ಲ. ಇದು ಬ್ಯಾರೆ ಯಾವದೋ ಐತಿ.”

ನನಗೆ ತಲೆ ಕೆಟ್ಟುಹೋಯಿತು. ನನ್ನ ಹಸು ಹೋಗುವ ಹೊತ್ತಲ್ಲಿ ಈಯಮ್ಮನಿಗೆ ನೊಣದ ಬಾಯಿ ಚಿಂತೆ. ಅಂದೇ ಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಆಗಲೇ ಲೋಟ ಹುಡುಕುತ್ತಿದ್ದರು.

ಆಮೇಲಿನ ದಿನಗಳಲ್ಲಿ ಆಯಮ್ಮ ಊಟ ಮಾಡಿದರೋ ಬಿಟ್ಟರೋ ಗೊತ್ತಿಲ್ಲ. ಸ್ಕೂಲಿಂದ ಬಂದು ಚೀಲ ಮೆಟ್ಟಿಲ ಮೇಲೆ ಎಸೆದು ಕೊಟ್ಟಿಗೆಗೆ. ಮೆಟ್ಟಿಲು ಹತ್ತೋದು, ಒಂದು ದಪ್ಪ ಪುಸ್ತಕ ನೋಡೋದು, ಇಳಿಯೋದು, ಮತ್ತೆ ಹತ್ತೋದು. ನನಗೂ ನಿದ್ದೆಯಿಲ್ಲ, ಕೆಲಸದಲ್ಲಿ ಮನಸ್ಸು ಇಲ್ಲ. ಬಾಗಿಲಿಗೂ ಹಿತ್ತಿಲಿಗೂ ಓಡಾಡುತ್ತಾ, ಗಾಡಿ ಸದ್ದು ಕೇಳಿದರೆ ಬೀದಿಗೆ ಹೋಗಿ ಇಣುಕುತ್ತಿದ್ದೆ. ಒಂದು ಮನೆಯಲ್ಲಿ ಇಬ್ಬರು ಹೆಂಗಸರು ಕಾಲು ಸುಟ್ಟ ಬೆಕ್ಕಿನ ಥರ.

ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಟೀಚರಮ್ಮ ಕೊಟ್ಟಿಗೆ ಬಾಗಿಲಲ್ಲಿ ಕಲ್ಲಿನ ಮೇಲೆ ಕೂತಿದ್ದಾರೆ. ಕೂತಿದ್ದಾರೆ! ಸೀರೆ ಮೊಣಕಾಲವರೆಗೆ ಎತ್ತಿಕೊಂಡು ಎರಡೂ ಕಾಲು ಬಿಸಿಲಿಗೆ ಚಾಚಿದ್ದಾರೆ. ಅಲ್ಲಾಡುತ್ತಿಲ್ಲ. ಮೀನಖಂಡದ ಮೇಲೆ ನೊಣ ಕೂತು ಕಚ್ಚುತ್ತಿದೆ. ಇವರು ಭೂತಗನ್ನಡಿ ಹಿಡಿದು ಬಗ್ಗಿ ನೋಡುತ್ತಿದ್ದಾರೆ. ನಾನು ಹೊಡೆಯೋಕೆ ಕೈಯೆತ್ತಿದರೆ ಕೈ ಹಿಡಿದುಕೊಂಡರು.

“ಕಚ್ಚಲಿ ಬಿಡ್ರಿ. ಕಚ್ಚೂವಾಗ ಮಾರಿ ಚೊಲೋ ಕಾಣ್ತೈತಿ.”

ನೊಣದ ಹೊಟ್ಟೆ ರಕ್ತ ತುಂಬಿ ಊದುವವರೆಗೂ ಹಾಗೇ ಇದ್ದು, ಆಮೇಲೆ ಲೋಟ ಮುಚ್ಚಿದರು. ಇನ್ನೊಂದು ಲೋಟ ಅಡುಗೆಮನೆಯಿಂದ ತರಿಸಿದರು, ಅದರಲ್ಲಿ ಬೆಲ್ಲದ ಡಬ್ಬಿ ಹತ್ತಿರ ಹಿಡಿದ ನಮ್ಮ ಮಾಮೂಲಿ ನೊಣ. ಎರಡನ್ನೂ ನನ್ನ ಮುಂದಿಟ್ಟು ಕನ್ನಡಿ ಕೈಗೆ ಕೊಟ್ಟರು. ನೋಡಿ ಹೇಳ್ರಿ, ಏನು ವ್ಯತ್ಯಾಸ ಅಂತ.

ಮೊದಲು ಎರಡೂ ಒಂದೇ. ಅದೇ ಬೂದಿ ಬಣ್ಣ, ಅದೇ ಗಾತ್ರ, ಬೆನ್ನ ಮೇಲೆ ಅವೇ ನಾಲ್ಕು ಕಪ್ಪು ಗೆರೆ. ಒಂದೇ ಅಂದೆ. ಮತ್ತ ನೋಡ್ರಿ ಅಂದರು. ಕಣ್ಣು ನೀರು ಬರುವ ತನಕ ನೋಡಿದೆ. ಆಗ ಕಂಡಿತು. ಬೆಲ್ಲದ ನೊಣದ ಬಾಯಿ ಒದ್ದೆ ಬಟ್ಟೆ ಹಾಗೆ ಕೆಳಗೆ ಜೋತುಬಿದ್ದಿತ್ತು, ಅದ್ದಿ ಅದ್ದಿ ಒರೆಸೋ ಥರ. ಇನ್ನೊಂದಕ್ಕೆ ಮೂತಿಯ ಮುಂದೆ ನೆಟ್ಟಗೆ ಚಾಚಿದ ಕಪ್ಪು ಸೂಜಿ, ಮಡಿಸಿದರೂ ಪೂರ್ತಿ ಒಳಗೆ ಹೋಗದ್ದು. ಹೊಟ್ಟೆ ಮೇಲೆ ಚೌಕಾಬಾರದ ಮನೆ ಥರ ಕಪ್ಪು ಚುಕ್ಕೆ. ಹೇಳಿದೆ. ಆಯಮ್ಮನ ಮುಖ ನೋಡಬೇಕಿತ್ತು, ನಾನು ಎಸೆಸೆಲ್ಸಿ ಪಾಸಾದ ಹಾಗೆ. ಆಮೇಲೆ ಕೊಟ್ಟಿಗೆ ಗೋಡೆ ತೋರಿಸಿ, ಅಲ್ಲಿ ಕೂತಾವಲ್ಲ, ಹ್ಯಾಂಗ ಕೂತಾವು ನೋಡ್ರಿ ಅಂದರು. ಕೆಲವು ತಲೆ ಕೆಳಗೆ ಮಾಡಿ ಕೂತಿದ್ದವು. ಕೆಲವು ತಲೆ ಮೇಲೆ. ತಲೆ ಮೇಲೆ ಮಾಡಿ ಕೂತವೆಲ್ಲ ಕಚ್ಚೋವು. ಹುಟ್ಟಿದಾಗಿನಿಂದ ದನ ಕಟ್ಟಿದವಳು ನಾನು, ಆ ಗೋಡೆಗೆ ವರ್ಷವರ್ಷವೂ ಸುಣ್ಣ ಬಳಿದವಳು. ನೋಡಿರಲಿಲ್ಲ.

ಈಗಲಾದರೂ ಹೆಸರು ಹೇಳಿ ಅಂದೆ. ಅವರು ಇಂಗ್ಲಿಷಲ್ಲಿ ಏನೋ ಅಂದು, ಕನ್ನಡದಾಗ ಅಂದರ ಕೊಟ್ಟಿಗಿ ನೊಣ ಅಂತ ಆಗ್ತೈತ್ರಿ, ಅಂದರು.

ಕನ್ನಡಿ ಅವರ ಕೈಗೇ ವಾಪಸ್ಸು ತುರುಕಿದೆ. “ಈ ಹೆಸರು ಆಫೀಸರ ಮುಂದೆ ಹೇಳ್ತೀರಾ? ಹೇಳಿದರೆ ನನ್ನ ಹಸು ಉಳೀತಾವಾ?”

ಅವರು ಎದ್ದು ನಿಂತು ಬಿಟ್ಟಿದ್ದರು, ಆಗಲೇ ಕಾಲು ಕುಣಿಯುತ್ತಿತ್ತು. ಹೆಸರು ಯಾರೋ ಇಟ್ಟದ್ದು, ಅದು ಹುಟ್ಟೋದು ಎಲ್ಲಿ ಅಂತ ನೋಡೋಣ ಬರ್ರಿ, ಅಂದರು. ಹಸಿ ಸೆಗಣಿಯಲ್ಲಿ ಅದು ಅಷ್ಟಾಗಿ ಮೊಟ್ಟೆ ಇಡಲ್ಲವಂತೆ. ಅದಕ್ಕೆ ಬೇಕಾದ್ದು ಗಂಜಲ ಕುಡಿದು ಕೊಳೆತ ಹುಲ್ಲು.

ನಾನು ದಿನಾ ತೊಳೆಯುವ ಕೊಟ್ಟಿಗೆ. ಮೂಲೆ ಮೂಲೆ ಕೆದಕಿದರು, ತಿಪ್ಪೆ ಕೆದಕಿದರು. ಹುಳ ಇದ್ದವು, ಆ ಪಾಟಿ ಇರಲಿಲ್ಲ. ಅಪಾರ್ಟ್‌ಮೆಂಟಿನ ಮೋರಿಗೂ ಹೋಗಿ ಕಡ್ಡಿ ಹಾಕಿ ನೋಡಿದರು, ವಾಚ್‌ಮನ್ ಏನೋ ಕಳೆದುಕೊಂಡಿದ್ದಾರೆ ಪಾಪ ಅಂತ ತಾನೂ ಹುಡುಕಿಕೊಟ್ಟ. ಅಲ್ಲೂ ಇಲ್ಲ. ಆಮೇಲೆ ಬೀದಿ ಕೊನೆಗೆ ಬಂದು ಹುಲ್ಲಿನ ಗುಡ್ಡೆ ಮುಂದೆ ನಿಂತರು. ಇದೇನ್ರಿ, ಅಂದರು.

ಅದು ಕಿಚ್ಚಿನ ಗುಡ್ಡೆ. ಸಂಕ್ರಾಂತಿ ಸಂಜೆ ದನಕ್ಕೆ ಬಣ್ಣ ಹಚ್ಚಿ, ಹುಲ್ಲಿಗೆ ಬೆಂಕಿಯಿಟ್ಟು, ಅದರ ಮೇಲೆ ಹಾಯಿಸುತ್ತೇವಲ್ಲ, ಅದಕ್ಕೆ ಕೂಡಿಟ್ಟದ್ದು. ಮೊದಲು ಊರ ಸುತ್ತ ಗದ್ದೆ ಇದ್ದಾಗ ಹೊಸ ಹುಲ್ಲೇ ಸುಡುತ್ತಿದ್ದರು. ಈಗ ಹುಲ್ಲು ಲಾರಿಯಲ್ಲಿ ಬರಬೇಕು, ಹೊಸ ಹುಲ್ಲು ಸುಡೋಕೆ ಯಾರಿಗೆ ಮನಸ್ಸು ಬರುತ್ತೆ? ಅದಕ್ಕೆ ದನ ತಿಂದು ಬಿಟ್ಟು, ತುಳಿದು, ಮಲಗಿ ಎದ್ದ ಹುಲ್ಲನ್ನೇ ಎಲ್ಲ ಮನೆಯವರೂ ದೀಪಾವಳಿಯಿಂದ ತಂದು ಅಲ್ಲಿ ಒಟ್ಟುತ್ತಿದ್ದರು. ಮೇಲೆ ನೋಡಿದರೆ ಒಣಗಿದ ಬಂಗಾರ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿಕೊಂಡೇ ಇತ್ತು.

ಟೀಚರಮ್ಮ ತೋಳು ಮೊಣಕೈವರೆಗೂ ಗುಡ್ಡೆಯ ಬುಡಕ್ಕೆ ತೂರಿಸಿ ಒಂದು ಹಿಡಿ ಎಳೆದು ತೆಗೆದರು. ಹೊಗೆ ಬಂದಂಥ ಬಿಸಿ, ಹಳದಿ ನೀರು, ಅದರ ತುಂಬ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಹುಳ. ಹಿಡಿ ಹಿಡಿಗೂ.

ಈಗಲೇ ಇದನ್ನ ತಗೀಬೇಕ್ರಿ, ಅಂದರು. ತೆಗೆಯೋದು ಅಷ್ಟು ಸುಲಭವೇ? ಒಟ್ಟಿದ ಕಿಚ್ಚಿನ ಗುಡ್ಡೆಯನ್ನು ಹಬ್ಬದ ಸಂಜೆಗೆ ಮೊದಲು ಯಾರೂ ಕೆದಕುವಂತಿಲ್ಲ, ಅದು ನಡೆದು ಬಂದದ್ದು. ನಮ್ಮ ಭಾವ, ಗಂಡನ ಅಣ್ಣ, ಊರಿಗೆ ಹಿರಿಯ. ಕಿಚ್ಚಿಗೆ ಬೆಂಕಿ ಇಡುವವರು ಅವರೇ. ಅವರ ಹತ್ತಿರ ಹೋದರೆ, ಹಬ್ಬಕ್ಕೆ ಮುಂಚೆ ಬೆಂಕಿ ಹಾಕಿದರೆ ದನಕ್ಕೆ ಒಳ್ಳೇದಲ್ಲ ಕಣಮ್ಮಾ, ಬೇಡ ಅಂದರು. ಟೀಚರಮ್ಮ ನಿಂತಲ್ಲೇ ತಕತಕ ಕುಣಿಯುತ್ತಾ ಹುಳದ ಲೆಕ್ಕ, ನೊಣದ ಲೆಕ್ಕ ಹೇಳತೊಡಗಿದರು. ಭಾವ ಗದಗದ ಮಾತು ಅರ್ಥವಾಗದವರ ಹಾಗೆ ಕಿವಿ ತುರಿಸಿಕೊಂಡರು. ನಾನು ಟೀಚರಮ್ಮನ ಸೆರಗು ಹಿಡಿದು ಹಿಂದಕ್ಕೆ ಎಳೆದೆ.

“ಭಾವ, ಬೆಂಕಿ ಹಾಕಲ್ಲ. ಬಿಸಿಲಿಗೆ ಹಾಕ್ತೀನಿ. ಮಳೆಗೆ ನೆಂದಿದೆ, ಹಬ್ಬದ ದಿನ ಹತ್ತಿಕೊಳ್ಳದೆ ಬರೀ ಹೊಗೆ ಬಂದರೆ ನಿಮಗೇ ಅವಮಾನ. ಒಣಗಿಸಬಾರದು ಅಂತ ಯಾರಾದರೂ ಹೇಳಿದಾರಾ?”

ಭಾವ ತುಂಬ ಹೊತ್ತು ಎಲೆ ಅಡಿಕೆ ಅಗಿದರು. ಹಾಗಂತ ಯಾರೂ ಹೇಳಿಲ್ಲ, ಅಂದರು.

ಒಣಗಿಸೋಕೆ ಜಾಗ? ಇದ್ದ ಒಂದೇ ಬಿಸಿಲಿನ ಜಾಗ ಅಪಾರ್ಟ್‌ಮೆಂಟಿನ ಮುಂದಿನ ಹೊಸ ಟಾರು ರಸ್ತೆ. ನಾನು, ಮಗಳು, ಟೀಚರಮ್ಮ ಬಿದಿರ ಕವೆಗೋಲಿನಲ್ಲಿ ಗುಡ್ಡೆ ಒಡೆದು ಅಷ್ಟುದ್ದಕ್ಕೂ ತೆಳ್ಳಗೆ ಹರಡಿದೆವು. ಆ ನಾತ ಬರೆಯೋಕೆ ಆಗಲ್ಲ. ಕಾಗೆ, ಗೊರವಂಕ ಬಂದು ಮುತ್ತಿದವು, ಹುಳದ ಊಟ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಚಡ್ಡಿ ಸಾಹೇಬರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಇಳಿದು ಬಂದು, ಅರ್ಜಿ ಕೊಟ್ಟಿದ್ದಕ್ಕೆ ಸೇಡು ತೀರಿಸ್ಕೋತೀರಾ, ವಾಟ್ ಈಸ್ ದಿಸ್ ಅಜ್ಜಿ ಅಂತ ಕೂಗಾಡಿದರು. ಕೂಗಿದ ಭರಕ್ಕೆ ಟವೆಲ್ಲು ಜಾರಿ ಬಿತ್ತು. ನಾನು ಕವೆಗೋಲು ಊರಿಕೊಂಡು ನಿಂತೆ. ಟೀಚರಮ್ಮ ಆಯಪ್ಪನ ಹಿಂದೆ ನಿಂತಿದ್ದ ಕೂಸನ್ನು ಕರೆದು, ಕರಿ ದಾರ ಕೊರಳಿಂದ ತೆಗೆದು ಅದರ ಕೊರಳಿಗೆ ಹಾಕಿ, ಒಂದು ಹುಳ ಅಂಗೈ ಮೇಲಿಟ್ಟು ತೋರಿಸಿದರು. ನಿನ್ನ ಕಾಲಿಗೆ ಕಚ್ಚಿದ್ದು ಇದರ ಅವ್ವ, ಅಂದರು. ಕೂಸು ಹುಳದ ಮುಖ ನೋಡಿತು, ಅಪ್ಪನ ಮುಖ ನೋಡಿತು, ಇದಕ್ಕೆ ಕಣ್ಣೇ ಇಲ್ಲ ಅಂತು. ಭೇಷ್, ಮೊದಲು ಮಾರಿ ನೋಡ್ತಿ ನೀ, ಅಂದರು ಟೀಚರಮ್ಮ.

ಗಲಾಟೆ ಅಂತ ಯಾರೋ ಫೋನ್ ಮಾಡಿದ್ದಕ್ಕೆ ಮಾರನೇ ದಿನವೇ ಇನ್ಸ್‌ಪೆಕ್ಟರು ಬಂದರು. ಹಬ್ಬಕ್ಕೆ ಇನ್ನೂ ದಿನ ಇತ್ತು. ರಸ್ತೆ ತುಂಬ ಹುಲ್ಲು, ಎರಡೂ ಕಡೆ ಜನ. ಆಯಪ್ಪನಿಗೆ ಬೇಗ ಮುಗಿಸಿ ಹೋಗಬೇಕಿತ್ತು. ಟೀಚರಮ್ಮನ ಕಡೆ ತಿರುಗಿ, ಮೇಡಂ, ನೀವು ಓದಿದೋರು, ಒಂದು ಮಾತಲ್ಲಿ ಹೇಳಿ, ಈ ನೊಣ ದನದ್ದೋ ಅಲ್ವೋ, ಅಂದರು.

ನಾನು ಆಯಮ್ಮನ ಮುಖ ನೋಡಿದೆ. ಅಲ್ಲ ಅನ್ನಿ ತಾಯಿ ಅಂತ ಮನಸ್ಸಲ್ಲೇ ಅಂದುಕೊಂಡೆ. ಅಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಹೌದ್ರಿ,” ಅಂದರು.

ಚಡ್ಡಿ ಸಾಹೇಬರು ನೋಡಿದಿರಾ ಸಾರ್ ಅಂತ ಶುರು ಮಾಡಿದರು. ಟೀಚರಮ್ಮ ಇನ್ನೂ ಮುಗಿಸಿರಲಿಲ್ಲ.

“ದನ ತುಳಿದು ಬಿಟ್ಟ ಹುಲ್ಲಿಂದ ಹುಟ್ಟೇತ್ರಿ. ಈ ಹುಲ್ಲು ಇಡೀ ಊರಿಂದು, ಈ ಅಕ್ಕಾರ ಒಬ್ಬರದಲ್ಲ. ನೀವು ದನ ಒಯ್ದರೂ ಹುಲ್ಲು ಇಲ್ಲೇ ಇರ್ತೈತಿ, ನೊಣಾನೂ ಇಲ್ಲೇ ಇರ್ತಾವು. ಹುಲ್ಲು ಒಣಗಿದರ ಹುಳ ಸಾಯ್ತಾವು. ಹಬ್ಬದ ತನಾ ನೋಡ್ರಿ. ಆಗಲೂ ತಲಿ ಮ್ಯಾಲೆ ಮಾಡಿ ಕೂತ ನೊಣ ಇಷ್ಟ ಕಂಡವು ಅಂದರ ದನ ಒಯ್ಯಿರಿ, ನಾನ ಹಗ್ಗ ಬಿಚ್ಚಿ ಕೊಡ್ತೀನಿ.”

ನನ್ನ ಹಸುವಿನ ಹಗ್ಗ ಬಿಚ್ಚಿ ಕೊಡೋಕೆ ಇವಳು ಯಾರು? ಆ ಸಿಟ್ಟು ನನಗೆ ಬಹಳ ದಿನ ಇತ್ತು. ಇನ್ಸ್‌ಪೆಕ್ಟರಿಗೆ ತಲೆ ಮೇಲೆ, ತಲೆ ಕೆಳಗೆ ಏನೂ ಅರ್ಥವಾಗಲಿಲ್ಲ. ಮೂಗು ಮುಚ್ಚಿಕೊಂಡು, ಆಯ್ತು, ಹಬ್ಬ ಆಗಲಿ ನೋಡೋಣ, ಅಂದು ಸ್ಕೂಟರು ಹತ್ತಿದರು.

ಅಲ್ಲಿಂದ ಸಂಕ್ರಾಂತಿವರೆಗೆ ನಾವಿಬ್ಬರೂ ಮಾಡಿದ ಕೆಲಸ ಗೋಡೆ ನೋಡೋದು. ಹುಲ್ಲು ದಿನಾ ತಿರುವಿ ಹಾಕೋದು, ಬಂದು ಗೋಡೆ ನೋಡೋದು. ನಾನು ಹಾಲು ಕರೆಯುತ್ತಾ ನೋಡುತ್ತಿದ್ದೆ, ಮುದ್ದೆ ತಿರುವುತ್ತಾ ಎದ್ದು ಹೋಗಿ ನೋಡುತ್ತಿದ್ದೆ. ಮೊದಮೊದಲು ಒಂದೂ ಕಡಿಮೆಯಾಗಲಿಲ್ಲ. ಹುಟ್ಟಿದವು ಸಾಯಬೇಕಲ್ರಿ ಅಂದರು, ಹಾಗೆ ಅನ್ನುವಾಗ ಅವರ ದನಿಯೂ ಗಟ್ಟಿಯಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಸುಗಳು ಕಾಲು ಝಾಡಿಸದೆ ನಿಂತು ಹಾಲು ಇಳಿಸಿದವು. ಗೋಡೆ ನೋಡಿದೆ. ಕೂತಿದ್ದವು ಕೆಲವು, ಎಲ್ಲ ತಲೆ ಕೆಳಗೆ. ಮಹಡಿ ಕಡೆ ನೋಡಿ ಟೀಚರಮ್ಮಾ ಅಂತ ಕೂಗಿದೆ. ಅವರು ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆಯಲ್ಲೇ ಇಳಿದು ಬಂದರು.

ಆ ಸಂಕ್ರಾಂತಿಯ ಕಿಚ್ಚಿನಂಥ ಕಿಚ್ಚು ನಮ್ಮೂರಲ್ಲಿ ಮತ್ತೆ ಆಗಲಿಲ್ಲ. ಒಣಗಿ ಗರಿಗರಿಯಾದ ಹುಲ್ಲು, ಭಾವ ಕಡ್ಡಿ ಗೀರಿದ ತಕ್ಷಣ ಭುಗ್ಗೆಂದಿತು. ನನ್ನ ಮೂರೂ ಹಸು ಹಾರಿದವು. ಅಪಾರ್ಟ್‌ಮೆಂಟಿನವರೆಲ್ಲ ಇಳಿದು ಬಂದು ಕ್ಯಾಮೆರಾದಲ್ಲಿ ಫೋಟೋ ಹೊಡೆದರು. ಚಡ್ಡಿ ಸಾಹೇಬರು ಅಂದು ಪಂಚೆಯಲ್ಲಿದ್ದರು. ನಾಳೆ ಅರ್ಧ ಲೀಟರ್ ಜಾಸ್ತಿ ಹಾಕಿ ಅಜ್ಜಿ, ನೆಂಟರು ಬಂದಿದ್ದಾರೆ, ಅಂದರು. ಹಾಕಿದೆ. ಇನ್ಸ್‌ಪೆಕ್ಟರು ಮತ್ತೆ ಬರಲೇ ಇಲ್ಲ, ಅರ್ಜಿ ಎಲ್ಲಿ ಹೋಯಿತೋ. ಟೀಚರಮ್ಮ ಎಲ್ಲಿ ಅಂತ ನೋಡಿದರೆ, ಎಲ್ಲರೂ ಬೆಂಕಿ ಕಡೆ ನೋಡುವಾಗ ಆಯಮ್ಮ ಬೆನ್ನು ತಿರುಗಿಸಿ ಕಾಂಪೌಂಡಿನ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. ಒಂದು ತಲಿ ಮ್ಯಾಲೆ ಮಾಡಿದ್ದು ಐತ್ರಿ ಇಲ್ಲಿ, ಅಂದರು. ಆ ದಿನವೂ ಸುಮ್ಮನಿರಲಿಲ್ಲ.

ಆಮೇಲೆ ಅವರು ಸ್ಕೂಲಿಗೆ ಹತ್ತಿರ ಆಗುತ್ತೆ ಅಂತ ಬೈಯಪ್ಪನಹಳ್ಳಿಗೆ ಹೋದರು. ದನ ಇಲ್ಲದ ಕಡೆ ಹೇಗಿರ್ತೀರಿ ಅಂದೆ. ಹೋಟೆಲ್ಲಿನ ಹಿಂದ ಬಾಳ ಅದಾವ್ರಿ, ಅಂದರು. ನನ್ನ ಹಸುಗಳನ್ನು ಯಾರೂ ಎತ್ತಿಸಲಿಲ್ಲ, ನಾನೇ ಕೆಲವು ವರ್ಷ ಬಿಟ್ಟು ಮಾರಿದೆ. ಮೇಯೋಕೆ ಒಂದು ಗೇಣು ನೆಲ ಉಳಿದಿರಲಿಲ್ಲ, ಮಳೆ ಬಂದರೆ ಮಹದೇವಪುರದ ಕಡೆಯಿಂದ ನೀರೆಲ್ಲ ಕೊಟ್ಟಿಗೆಗೇ ನುಗ್ಗುತ್ತಿತ್ತು. ಅದಾದ ಮೇಲೆ ಒಮ್ಮೆ ಟೀಚರಮ್ಮ ಬಂದರು. ಕೊಟ್ಟಿಗೆ ಇದ್ದ ಕಡೆ ಬಾಡಿಗೆ ರೂಮು ಕಟ್ಟಿದ್ದೆ. ಗೋಡೆ ನೋಡಿದರು, ಟೈಲ್ಸು. ಕಾಫಿ ಆರುವುದರೊಳಗೆ ಎದ್ದು ಹೋದರು.

ಬೈಯಪ್ಪನಹಳ್ಳಿಗೆ ನಾನೂ ಮೊಮ್ಮಗಳೂ ಆಟೋದಲ್ಲಿ ಹೋದೆವು. ಚಿಕ್ಕ ರೂಮು. ನೆಲದ ಮೇಲೆ ಮಲಗಿಸಿದ್ದರು. ಟೀಚರಮ್ಮನ ಅಣ್ಣ ಗದಗದಿಂದ ಹೊರಟಿದ್ದಾರೆ, ಬಸ್ಸು ಎಲ್ಲೋ ಕೆಟ್ಟು ನಿಂತಿದೆ, ಸಂಜೆ ಆಗುತ್ತೆ ಅಂದರು. ಓನರ್ರಿಗೆ ಚಡಪಡಿಕೆ. ಅಷ್ಟು ಹೊತ್ತು ಇಟ್ಟುಕೊಳ್ಳೋಕೆ ಆಗಲ್ಲ, ಅಣ್ಣ ಬಂದು ಬೂದಿ ತಗೊಂಡು ಹೋಗಲಿ ಅನ್ನುತ್ತಿದ್ದ. ಅಷ್ಟರಲ್ಲಿ ಒಂದು ನೊಣ ಬಂದು ಟೀಚರಮ್ಮನ ಕೆನ್ನೆ ಮೇಲೆ ಕೂತಿತು. ನೋಡಿ, ಆಗಲೇ ಶುರುವಾಯ್ತು, ಇನ್ನು ಕಾಯಬಾರದು, ಎತ್ತಿ ಎತ್ತಿ, ಅಂತ ಒಬ್ಬಳು ಹೆಂಗಸು ಪೇಪರು ಬೀಸಿದಳು. ಚಟ್ಟ ಕಟ್ಟುವವರು ಒಳಗೆ ಬಂದರು.

ಬೀಸಬೇಡಿ ಅಂದೆ. ಕಿಟಕಿ ಹತ್ತಿರ ಲೋಟ ಅಲ್ಲೇ ಇತ್ತು, ಕಾರ್ಡೂ ಇತ್ತು. ನೊಣ ಎದ್ದು ಗೋಡೆ ಮೇಲೆ ಕೂತದ್ದನ್ನು ಎರಡನೇ ಸಲಕ್ಕೆ ಹಿಡಿದೆ, ನನ್ನ ಕೈ ಮೊದಲಿನ ಹಾಗಿಲ್ಲ. ಕರಿ ದಾರವನ್ನು ಯಾರೋ ತಾಳಿ ಅಂದುಕೊಂಡು ಬಿಚ್ಚಿ ತಲೆದೆಸೆಯಲ್ಲಿ ಇಟ್ಟಿದ್ದರು. ಕನ್ನಡಿ ತಗೊಂಡು ಬೆಳಕಿಗೆ ಹಿಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನೋಡಲಿ. ಹಸಿರಲ್ಲ. ಬೂದಿ ಬಣ್ಣ, ನಾಲ್ಕು ಗೆರೆ. ಹೊಟ್ಟೆ ಮೇಲೆ ಚುಕ್ಕೆ ಇಲ್ಲ. ಬಾಯಿ ಜೋತು ಬಿದ್ದ ಒದ್ದೆ ಬಟ್ಟೆ.

“ಇದು ಮನೆ ನೊಣ,” ಅಂದೆ. “ನಿಮ್ಮ ಅಡುಗೆಮನೆಯಿಂದ ಬಂದಿದೆ. ಹಸಿರು ಇನ್ನೂ ಬಂದಿಲ್ಲ. ಕಿಟಕಿ ಮುಚ್ಚಿ, ಐಸು ತರಿಸಿ. ಅವರಣ್ಣ ಬರೋವರೆಗೂ ಯಾರೂ ಮುಟ್ಟಬೇಡಿ.”

ಓನರ್ರು ಮೊಮ್ಮಗಳ ಮುಖ ನೋಡಿದ. ಅಜ್ಜಿ ಹೇಳಿದ್ದು ಸರಿ ಅಂದಳು ಅವಳು. ಚಟ್ಟದವರು ಬೀಡಿ ಸೇದೋಕೆ ಆಚೆ ಹೋದರು.

ಲೋಟ ತೆಗೆದೆ. ನೊಣ ಹಾರಿ ಗೋಡೆಗೆ ಹೋಗಿ ತಲೆ ಕೆಳಗೆ ಮಾಡಿ ಕೂತಿತು. ದಾರವನ್ನು ಆಯಮ್ಮನ ಕೊರಳಿಗೆ ಮತ್ತೆ ಕಟ್ಟಿ, ಅವರಣ್ಣ ಬರುವವರೆಗೂ ಪಕ್ಕದಲ್ಲೇ ಕೂತಿದ್ದೆ. ಆಯಮ್ಮನ ಕಾಲು ಒಂದು ಸಲವೂ ಅಲ್ಲಾಡಲಿಲ್ಲ. ನನ್ನದು ನಿಲ್ಲಲಿಲ್ಲ.